ಚಾಥಮ್‌ನ ವ್ಯಾಗನ್‌ಗಳಿಗೆ ಯಾವ ಬಣ್ಣ?

ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ, ಮೆಡ್ವೇ ನದಿಯ ದಂಡೆಯಲ್ಲಿರುವ ಚಾಥಮ್ ಡಾಕ್‌ಯಾರ್ಡಿಗೆ ಹೋದವರು ಹಡಗುಗಳನ್ನು ನೋಡಿ ಬರುತ್ತಾರೆ. ನೋಡಲೇಬೇಕು. ಅಡ್ಮಿರಲ್ ನೆಲ್ಸನ್‌ನ ಯುದ್ಧನೌಕೆ ವಿಕ್ಟರಿ 1765ರಲ್ಲಿ ನೀರಿಗಿಳಿದದ್ದು ಅಲ್ಲಿಂದ. ಸುಮಾರು 346 ಮೀಟರ್ ಉದ್ದದ ಕಟ್ಟಡದಲ್ಲಿ ಇವತ್ತಿಗೂ ಹಗ್ಗ ಹೊಸೆಯುತ್ತಾರೆ. 1984ರಲ್ಲಿ ನೌಕಾಪಡೆ ಡಾಕ್‌ಯಾರ್ಡನ್ನು ಮುಚ್ಚಿ ಹೊರಟಾಗ ಅದರ ಹಳೆಯ ಭಾಗದ 80 ಎಕರೆಯನ್ನು ಒಂದು ಟ್ರಸ್ಟ್ ವಹಿಸಿಕೊಂಡಿತು. ಕಲ್ಲುಹಾಸಿನಲ್ಲಿ ಹುದುಗಿದ ಹಳಿಗಳೂ, ಅಲ್ಲಿ ಮರ, ಕಬ್ಬಿಣ, ಕಲ್ಲಿದ್ದಲು ಹೊತ್ತು ಓಡಾಡಿದ ಗೂಡ್ಸ್ ವ್ಯಾಗನ್‌ಗಳೂ ಆ ಆಸ್ತಿಯ ಭಾಗವೇ. ಅವುಗಳ ಮುಂದೆ ನಿಲ್ಲುವವರು ಮಾತ್ರ ವಿರಳ.

ಹಡಗಿಗೆ ಹೆಸರಿದೆ, ಹುಟ್ಟಿದ ದಿನವಿದೆ, ನಾಯಕರ ದಿನಚರಿಗಳಿವೆ. ವ್ಯಾಗನ್‌ಗೆ ಇರುವುದು ಒಂದು ನಂಬರು. ಮಾಲೀಕ ಬದಲಾದಾಗ ಅದೂ ಬದಲಾಗುತ್ತದೆ. 1948ರಲ್ಲಿ ಬ್ರಿಟನ್ನಿನ ರೈಲ್ವೆ ರಾಷ್ಟ್ರೀಕರಣವಾದಾಗ ಸುಮಾರು 12 ಲಕ್ಷ ವ್ಯಾಗನ್‌ಗಳು ಸರ್ಕಾರದ ಕೈಗೆ ಬಂದವು. ಅವುಗಳಲ್ಲಿ ಕಲ್ಲಿದ್ದಲು ಗಣಿಗಳ, ವ್ಯಾಪಾರಿಗಳ ಖಾಸಗಿ ವ್ಯಾಗನ್‌ಗಳೇ ಐದು ಲಕ್ಷ ಮೀರಿದ್ದವು. ಅವಕ್ಕೆಲ್ಲ ಪಿ ಅಕ್ಷರ ಸೇರಿಸಿ ಹೊಸ ನಂಬರು ಬರೆದರು. ಮುಂದಿನ ಎರಡು ದಶಕಗಳಲ್ಲಿ ಮರದ ವ್ಯಾಗನ್‌ಗಳು ರಾಶಿ ರಾಶಿಯಾಗಿ ಗುಜರಿಗೆ ಹೋದವು. ಡಾಕ್‌ಯಾರ್ಡು, ಗಣಿ, ಮದ್ದಿನ ಕೋಠಿಗಳ ಬೇಲಿಯೊಳಗೆ ಇದ್ದವು ಉಳಿದುಕೊಂಡವು, ಏಕೆಂದರೆ ಮುಖ್ಯ ಮಾರ್ಗಕ್ಕೆ ಕಾಲಿಡದ ವ್ಯಾಗನ್‌ಗೆ ಮುಖ್ಯ ಮಾರ್ಗದ ಹೊಸ ನಿಯಮಗಳು ಅನ್ವಯಿಸುತ್ತಿರಲಿಲ್ಲ. ನಡಿಗೆಯ ವೇಗದಲ್ಲಿ ಗೋದಾಮಿನಿಂದ ಕಟ್ಟೆಗೆ ಹೋಗಿಬರಲು ಹಳೆಯ ಬ್ರೇಕು, ಗ್ರೀಸ್ ತುಂಬುವ ಹಳೆಯ ಆಕ್ಸಲ್ ಬಾಕ್ಸು ಸಾಕಾಗಿತ್ತು. ಡಾಕ್‌ಯಾರ್ಡಿನ ವ್ಯಾಗನ್ ಅಮೂಲ್ಯವಾಗಿರುವುದು ಈ ಕಾರಣಕ್ಕೆ. ಅದನ್ನು ಗುರುತಿಸುವುದು ಕಷ್ಟವಾಗಿರುವುದೂ ಇದೇ ಕಾರಣಕ್ಕೆ.

ಗುರುತಿಸುವ ಕೆಲಸ ಮಂಡಿಯೂರಿ ಮಾಡುವಂಥದ್ದು. ಪಕ್ಕದ ಅಡಿತೊಲೆಗೆ ಬಡಿದ ಎರಕದ ಫಲಕ ಇದ್ದರೆ ತಯಾರಕರ ಹೆಸರು, ಇಸವಿ ಸಿಕ್ಕೀತು. ಬಹಳ ಸಲ ಇರುವುದಿಲ್ಲ. ಸಂಗ್ರಾಹಕರಿಗೆ ವ್ಯಾಗನ್‌ಗಿಂತ ಫಲಕವೇ ಪ್ರಿಯ. ಆಗ ಫಲಕ ಕೂತಿದ್ದ ಬೋಲ್ಟಿನ ತೂತುಗಳ ಅಂತರ ಅಳೆಯಬೇಕು. ಆಕ್ಸಲ್ ಬಾಕ್ಸಿನ ಮುಚ್ಚಳದ ಮೇಲೆ ಕಂಪನಿಯ ಅಕ್ಷರಗಳು ಉಬ್ಬಿ ನಿಂತಿರುತ್ತವೆ, ಓದಲೂ ಸುಲಭ. ಹೊಸಬರು ಮೋಸಹೋಗುವುದು ಅಲ್ಲೇ. ಗಾಲಿ, ಅಚ್ಚು, ಬಾಕ್ಸುಗಳನ್ನು ವರ್ಕ್‌ಶಾಪಿನವರು ಕೈಗೆ ಸಿಕ್ಕ ವ್ಯಾಗನ್‌ಗೆ ಜೋಡಿಸುತ್ತಿದ್ದರು. ಆ ಅಕ್ಷರಗಳು ಆ ಬಾಕ್ಸಿನ ಊರು ಹೇಳುತ್ತವೆ, ವ್ಯಾಗನ್ನಿನ ಊರನ್ನಲ್ಲ. ನನಗೆ ಹೆಚ್ಚು ನಂಬಿಕೆ ಇರುವುದು ಅಡಿಗಟ್ಟಿನ ಅಳತೆಯ ಮೇಲೆ. ರೈಲ್ವೆ ಕಂಪನಿಗಳ ಜಂಟಿ ಸಂಸ್ಥೆಯಾದ ರೈಲ್ವೆ ಕ್ಲಿಯರಿಂಗ್ ಹೌಸ್ 1923ರಲ್ಲಿ ಗೊತ್ತುಮಾಡಿದ 12 ಟನ್ ಕಲ್ಲಿದ್ದಲು ವ್ಯಾಗನ್ 16 ಅಡಿ 6 ಅಂಗುಲ ಉದ್ದ, ಗಾಲಿಗಳ ನಡುವೆ 9 ಅಡಿ. ಅಳತೆ ಇದಕ್ಕೆ ಹೊಂದದಿದ್ದರೆ ಹುಡುಕಾಟ ಬೇರೆ ದಿಕ್ಕಿಗೆ ತಿರುಗಬೇಕು. ಮುಚ್ಚಿಹೋದ ಅಡಿಬಾಗಿಲಿನ ಕಚ್ಚು, ಎರಡು ಪಕ್ಕದಲ್ಲೂ ಇರುವ ಅಥವಾ ಒಂದೇ ಪಕ್ಕದಲ್ಲಿರುವ ಬ್ರೇಕಿನ ಹಿಡಿ, ಮರದಲ್ಲೇ ಕೊರೆದ ಅಂಕಿ, ಇವೆಲ್ಲ ಒಂದೇ ಮಾತು ಹೇಳಿದಾಗ ಮಾತ್ರ ಗುರುತು ಹತ್ತಿತು ಎನ್ನಬಹುದು.

ಇಷ್ಟು ಶ್ರಮಪಟ್ಟವರು ಕೊನೆಗೆ ಮಾಡುವುದೇನು? ಬ್ರಿಟನ್ನಿನ ರೈಲು ಸಂರಕ್ಷಣೆಯಲ್ಲಿ ಬೇರೂರಿರುವ ಒಂದು ರೂಢಿಯ ಬಗ್ಗೆ ನನ್ನ ತಕರಾರಿದೆ. ಹಲಗೆ ಕಿತ್ತು ಹೊಸ ಹಲಗೆ ಹಾಕಿ, ಮೊದಲ ಮಾಲೀಕನ ಬಣ್ಣ ಬಳಿದು, ಯಾವುದೋ ಗಣಿಯ ಹೆಸರನ್ನು ದಪ್ಪ ಬಿಳಿ ಅಕ್ಷರದಲ್ಲಿ ಬರೆಯುತ್ತಾರೆ. ನೋಡಲು ಚೆಂದ, ಪ್ರವಾಸಿಗರಿಗೆ ಇಷ್ಟ. ಆದರೆ ಗಣಿಗಾಗಿ ಹತ್ತಿಪ್ಪತ್ತು ವರ್ಷ ದುಡಿದು, ಆಮೇಲೆ ಅದಕ್ಕಿಂತ ದೀರ್ಘಕಾಲ ಡಾಕ್‌ಯಾರ್ಡಿನಲ್ಲಿ ಸವೆದ ವ್ಯಾಗನ್‌ಗೆ ಇದು ಅನ್ಯಾಯ. ಡಾಕ್‌ಯಾರ್ಡಿನವರು ಬಳಿದ ಬಣ್ಣ, ಅವರು ಕೊಟ್ಟ ಆಂತರಿಕ ನಂಬರು, ಅವರ ಬಡಗಿ ಹಾಕಿದ ತೇಪೆ, ಆ ಜಾಗದಲ್ಲಿ ನಡೆದ ಕೆಲಸಕ್ಕೆ ಉಳಿದಿರುವ ಸಾಕ್ಷಿ ಅವೇ. ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ.

ಒಂದು ಕಾಲದ ರೂಪ ಆರಿಸಿ ಉಳಿದದ್ದನ್ನು ಬಿಟ್ಟುಕೊಡುವುದಕ್ಕೆ ಚಾಥಮ್‌ನಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 1878ರ ಗ್ಯಾನೆಟ್ ಹಡಗನ್ನು ಅಲ್ಲಿ ಅದ್ಭುತವಾಗಿ ದುರಸ್ತಿ ಮಾಡಿದ್ದಾರೆ. ಆರಿಸಿಕೊಂಡದ್ದು 1880ರ ದಶಕದ ರೂಪವನ್ನು, ಅದು ಕೆಂಪು ಸಮುದ್ರ ತೀರದ ಸುವಾಕಿನ್ ಬಳಿ ತೋಪು ಹಾರಿಸಿದ ಕಾಲವನ್ನು. ಅದೇ ಹಡಗು ಇಪ್ಪತ್ತನೆಯ ಶತಮಾನದಲ್ಲಿ ದಶಕಗಳ ಕಾಲ ಹ್ಯಾಂಬಲ್ ನದಿಯಲ್ಲಿ ನಿಂತು, ಮರ್ಕ್ಯುರಿ ತರಬೇತಿ ಶಾಲೆಯ ಹುಡುಗರಿಗೆ ಮಲಗುವ ಮನೆಯಾಗಿತ್ತು. ಆ ಬದುಕು ಈಗ ಹಡಗಿನ ಮೈಮೇಲೆ ಕಾಣುವುದಿಲ್ಲ. ಹಡಗಿನ ವಿಷಯದಲ್ಲಿ ಈ ಆಯ್ಕೆಯನ್ನು ನಾನು ಒಪ್ಪುತ್ತೇನೆ. ಕಳಚಿದ ಕಾಲದ ಚಿತ್ರಗಳು, ದಾಖಲೆಗಳು ಧಾರಾಳವಾಗಿವೆ. ಮೈ ಮರೆತದ್ದನ್ನು ಕಾಗದ ಹೇಳುತ್ತದೆ. ವ್ಯಾಗನ್ನಿಗೆ ಆ ಆಸರೆಯಿಲ್ಲ. ಅದರ ಕಾಗದ ಅದರ ಮೈಯೇ.

ಹಾಗಾದರೆ ಕೊಳೆಯಲು ಬಿಡಬೇಕೆಂದಲ್ಲ. ನದಿಯ ತೇವಕ್ಕೆ ತೆರೆದಿಟ್ಟ ಓಕ್ ತೊಲೆ ಬೋಲ್ಟಿನ ತೂತಿನಿಂದಲೇ ಒಳಗೊಳಗೆ ಕುಂಬಾಗುತ್ತದೆ, ಹೊರಗೆ ಬಣ್ಣ ಗಟ್ಟಿಯಾಗಿ ಕಾಣುತ್ತಿರುವಾಗಲೇ. ಬೇಕಾಗಿರುವುದು ಮೊದಲು ಸೂರು, ಆಮೇಲೆ ಬಣ್ಣ. ಸೂರಿಗೆ ದೇಣಿಗೆ ಎತ್ತುವುದು ಕಷ್ಟ, ಹೊಳೆಯುವ ವ್ಯಾಗನ್ ತೋರಿಸಿ ಎತ್ತುವುದು ಸುಲಭ ಎಂಬುದು ನಿಜವಾದರೂ ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಕಿತ್ತ ಪ್ರತಿ ಹಲಗೆಯ ಚಿತ್ರ ತೆಗೆದು, ಬಣ್ಣದ ಪದರಗಳ ಒಂದು ಚೌಕವನ್ನಾದರೂ ಮುಟ್ಟದೆ ಬಿಟ್ಟು, ಹೊಸ ಮರದ ಮೇಲೆ ಅದು ಹೊಸದೆಂದು ಇಸವಿ ಕೊರೆಯಬೇಕು. ಪಕ್ಕದಲ್ಲಿ ನಿಲ್ಲಿಸುವ ವಿವರಣೆಯ ಫಲಕದಲ್ಲಿ ಗಾಲಿ ಒಂದು ಕಂಪನಿಯದು, ಅಡಿಗಟ್ಟು ಇನ್ನೊಂದರದು, ತಯಾರಕರು ಯಾರೆಂದು ತಿಳಿದಿಲ್ಲ ಎಂದು ಇದ್ದಂತೆಯೇ ಬರೆಯಬೇಕು.