ಚೇಳಿನ ಕೊಂಡಿ, ಹುಲಿಯ ಸವಾರಿ

ನಮ್ಮ ಕೇರಿಗಳಲ್ಲಿ ಸುದ್ದಿ ಮುಟ್ಟಿಸಲು ತಮಟೆಯಿತ್ತು. ಊರಿನ ಸಾವಿಗೂ ಜಾತ್ರೆಗೂ ಬಡಿದವರು ನಾವು. ಸುದ್ದಿ ಮಾತ್ರ ನಮ್ಮದಾಗಿರಲಿಲ್ಲ. ಈಗ ಕೇರಿಯ ಹುಡುಗಿಯ ಕೈಗೆ ಮೊಬೈಲ್ ಬಂದಿದೆ. ಸುದ್ದಿಯ ಯಜಮಾನಿಕೆ ಬದಲಾಯಿತೇ ಅನ್ನೋದು ದಲಿತ ವಿಮರ್ಶೆ ಕೇಳಲೇಬೇಕಾದ ಪ್ರಶ್ನೆ.

2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ, ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತರನ್ನು ಗೋರಕ್ಷಕರು ಅನ್ನಿಸಿಕೊಂಡವರು ಕಟ್ಟಿ ಹೊಡೆದರು. ಹೊಡೆದದ್ದನ್ನು ತಾವೇ ಜಾಲತಾಣಕ್ಕೆ ಹಾಕಿದರು. ಅದು ಮೀಸೆ ತಿರುವುವ ಭಾಷೆ. ಆದರೆ ನೋಡಿದವರು ಹೆದರಿ ಮನೆಯಲ್ಲಿ ಕೂರಲಿಲ್ಲ. ಸುರೇಂದ್ರನಗರದಲ್ಲಿ ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿಯೆದುರು ಸುರಿದರು. ಸಂವಹನ ಪೂರ್ಣವಾದದ್ದು ಅಲ್ಲಿ, ಬೆರಳಿನಿಂದ ಕಾಲಿಗೆ ಇಳಿದಾಗ.

ಈ ಹಿನ್ನೆಲೆಯಲ್ಲಿ ನಮ್ಮ ಸೂಪರ್ ನಾಯಕಿಯರನ್ನು ನೋಡಬೇಕು. 2012ರ ದೆಹಲಿಯ ಅತ್ಯಾಚಾರದ ನಂತರ, 2014ರಲ್ಲಿ ರಾಮ್ ದೇವಿನೇನಿ ಮತ್ತು ಡ್ಯಾನ್ ಗೋಲ್ಡ್‌ಮನ್ 'ಪ್ರಿಯಾಸ್ ಶಕ್ತಿ' ತಂದರು; ಅಂತರ್ಜಾಲದಲ್ಲಿ ಪುಕ್ಕಟೆಯಾಗಿಯೇ ಹಂಚಿದರು. ಅತ್ಯಾಚಾರಕ್ಕೊಳಗಾಗಿ ಮನೆಯವರಿಂದಲೂ ದೂರವಾದ ಹಳ್ಳಿಹುಡುಗಿ ಪಾರ್ವತಿಯ ಬಲದಿಂದ ಹುಲಿಯೇರಿ ಮರಳುತ್ತಾಳೆ. ಅವಳ ಆಯುಧ ಕತ್ತಿಯಲ್ಲ, ಮಾತು. ಇದನ್ನು ಮೆಚ್ಚಲೇಬೇಕು. ಆದರೂ ಒಂದು ತಕರಾರಿದೆ. ನೊಂದವಳ ಶಕ್ತಿ ಕೈಲಾಸದಿಂದಲೇ ಯಾಕೆ ಇಳಿದು ಬರಬೇಕು? ಹಳ್ಳಿ ಇದೆ, ಹಳ್ಳಿಯ ಜಾತಿ ಎಲ್ಲಿ? 2006ರಲ್ಲಿ ಖೈರ್ಲಾಂಜಿಯಲ್ಲಿ ಸುರೇಖಾ ಭೋತ್‌ಮಾಂಗೆ, ಮಗಳು ಪ್ರಿಯಾಂಕಾ ಮತ್ತು ಇಬ್ಬರು ಗಂಡುಮಕ್ಕಳ ಕೊಲೆಯಾಯಿತು. ಕೊಂದವರಿಗೆ ಶಿಕ್ಷೆ ವಿಧಿಸಿದ ಕೋರ್ಟು ಕೂಡ ಅದನ್ನು ಜಾತಿದೌರ್ಜನ್ಯವೆಂದು ಒಪ್ಪಲಿಲ್ಲ. ಕೋರ್ಟಿಗೆ ಕಾಣದ್ದನ್ನು ಕಾಮಿಕ್ಸಾದರೂ ಕಾಣಬೇಡವೇ?

ದಾರಿ ಇಲ್ಲವೆಂದಲ್ಲ. 2011ರ 'ಭೀಮಾಯಣ'ದಲ್ಲಿ ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಅಂಬೇಡ್ಕರರ ಬದುಕನ್ನು ಚೌಕಗಳಲ್ಲಿ ಕೂಡಿಹಾಕಲು ಒಪ್ಪಲಿಲ್ಲ. ಅಲ್ಲಿ ಮೆದುಮಾತಿನ ಗುಳ್ಳೆಗೆ ಹಕ್ಕಿಯ ಆಕಾರ. ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ. ಅಕ್ಷರ ಬಾರದ ಅವ್ವನೂ ಯಾವ ಮಾತು ಕುಟುಕುತ್ತದೆ ಅಂತ ಗುರುತಿಸಬಲ್ಲಳು. ಮೊಬೈಲಿನಲ್ಲಿ ಮಾತ್ರ ಹಕ್ಕಿಗೂ ಚೇಳಿಗೂ ಒಂದೇ ಅಕ್ಷರ, ಒಂದೇ ಅಳತೆ. ಬರೆಯುವ ನಮ್ಮ ಹುಡುಗಿಯರಿಗೆ ಕೊಂಡಿ ಕಾಣುವ ಮೊದಲೇ ಕುಟುಕು ಮುಟ್ಟಿರುತ್ತದೆ. ನೋಡಿದವರು ಒಂದು ಅಳುಮುಖ ಒತ್ತಿ ಮುಂದೆ ಹೋಗುತ್ತಾರೆ.

ಆದ್ದರಿಂದ ಬರಲಿರುವ ನಾಯಕಿ ಹಾರಬೇಕೆಂದು ನಾವೇನೂ ಕೇಳುತ್ತಿಲ್ಲ. 1848ರ ಪುಣೆಯಲ್ಲಿ ಶಾಲೆಗೆ ನಡೆದ ಸಾವಿತ್ರಿಬಾಯಿ ಫುಲೆ, ಸಗಣಿ ಎರಚುವವರಿದ್ದಾರೆಂದು ಇನ್ನೊಂದು ಸೀರೆ ಜೊತೆಗಿಟ್ಟುಕೊಳ್ಳುತ್ತಿದ್ದರು ಎನ್ನುತ್ತಾರೆ. ಸೂಪರ್ ನಾಯಕಿಯ ಮೇಲುಹೊದಿಕೆಗಿಂತ ಆ ಸೀರೆ ದೊಡ್ಡದು. ಯಾಕಂದ್ರೆ ಅದರಲ್ಲಿ ವರವಿಲ್ಲ, ನಾಳೆಯೂ ಹೋಗುತ್ತೇನೆ ಎಂಬ ಹಟವಿದೆ. ಅಂಥವಳನ್ನು ಕೇರಿಯ ಹುಡುಗಿಯೇ ಬರೆಯಲಿ. ಹುಲಿ ಬೇಕೋ ಬೇಡವೋ, ಅವಳೇ ತೀರ್ಮಾನಿಸಲಿ.