ಬಿಟ್ ಲೆಕ್ಕಕ್ಕೆ ಸಿಗದ ಇರುಳು

5ಜಿ ವಿದ್ಯುತ್ ಉಳಿಸುವ ತಂತ್ರಜ್ಞಾನ ಎಂಬ ಮಾತನ್ನು ಈಗ ಎಲ್ಲರೂ ಮರುಪ್ರಶ್ನೆ ಹಾಕದೆ ಒಪ್ಪಿಕೊಳ್ಳುತ್ತಾರೆ. ಒಂದು ಬಿಟ್ ಮಾಹಿತಿ ಸಾಗಿಸಲು 4ಜಿಗಿಂತ ಕಡಿಮೆ ಶಕ್ತಿ ಸಾಕು, ಹಾಗಾಗಿ ಇದು ಮಿತವ್ಯಯಿ ಎಂಬುದು ವಾದ. ಲೆಕ್ಕ ಸುಳ್ಳಲ್ಲ. ಆದರೆ ಆ ಭಿನ್ನರಾಶಿಯ ಛೇದದಲ್ಲಿ ಕೂತಿರುವುದು ಸಾಗಿಸಿದ ಬಿಟ್‌ಗಳು. ಅವು ರಾಶಿ ಬೀಳುವುದು ಜನ ಎಚ್ಚರವಿದ್ದಾಗ. ರಾತ್ರಿ ಮೂರು ಗಂಟೆಗೆ ಊರೆಲ್ಲ ಮಲಗಿದಾಗ ಟವರ್ ಏನು ಮಾಡುತ್ತಿರುತ್ತದೆ ಎಂದು ಈ ಅಳತೆಗೋಲು ಕೇಳುವುದೇ ಇಲ್ಲ.

ಅದು ಸೀಟಿ ಊದುತ್ತಿರುತ್ತದೆ. ‘ನಾನಿಲ್ಲಿದ್ದೇನೆ, ನನ್ನ ಗುರುತು ಇದು, ನಿನ್ನ ಗಡಿಯಾರ ನನ್ನದಕ್ಕೆ ಹೊಂದಿಸಿಕೋ’ ಎಂದು ಸಾರುವ ಸಿಂಕ್ ಸಿಗ್ನಲ್ ಅದು. ಹೊಸದಾಗಿ ಆನ್ ಮಾಡಿದ 5ಜಿ ಫೋನು ಈ ಸಿಗ್ನಲ್ 20 ಮಿಲಿಸೆಕೆಂಡಿಗೊಮ್ಮೆ ಬರುತ್ತದೆಂದು ನಂಬಿ ಹುಡುಕಾಟ ಶುರುಮಾಡುತ್ತದೆ. ಅಂದರೆ ಸೆಕೆಂಡಿಗೆ 50 ಸಲ, ಕೇಳುವವರು ಇರಲಿ ಬಿಡಲಿ. ನಿಯಮದ ಪ್ರಕಾರ ಈ ಅಂತರವನ್ನು 160 ಮಿಲಿಸೆಕೆಂಡಿನವರೆಗೂ ಹಿಗ್ಗಿಸಬಹುದು. ಹಿಗ್ಗಿಸಿದಷ್ಟೂ ಫೋನಿನ ಹುಡುಕಾಟ ಕಷ್ಟವಾಗುತ್ತದೆ.

ಇಷ್ಟು ಚಿಕ್ಕ ಸಿಗ್ನಲ್ಲಿಗೆ ಎಷ್ಟು ಕರೆಂಟು ಖರ್ಚಾದೀತು ಎಂದು ಬಲ್ಲವರೂ ಕೇಳುತ್ತಾರೆ. 4ಜಿಯಲ್ಲಿ ಒಂದೊಂದು ಮಿಲಿಸೆಕೆಂಡಿಗೂ ಉಲ್ಲೇಖ ಸಿಗ್ನಲ್ ಕಳಿಸಲೇಬೇಕಿತ್ತು, 5ಜಿ ಆ ದುಂದನ್ನು ಕಡಿಮೆ ಮಾಡಿದೆಯಲ್ಲ ಎಂಬುದು ಅವರ ಸಮಾಧಾನ. ಬಡಾವಣೆಯ ರಾತ್ರಿ ಕಾವಲುಗಾರನನ್ನು ನೆನೆಯಿರಿ. ಒಂದು ಸೀಟಿಗೆ ಅವನು ಖರ್ಚು ಮಾಡುವ ಉಸಿರೆಷ್ಟು? ಆದರೂ ಆ ಸೀಟಿಯ ದೆಸೆಯಿಂದ ಅವನು ಬೆಳಗಿನವರೆಗೆ ಕಣ್ಣು ಮುಚ್ಚುವಂತಿಲ್ಲ. ಬೇಸ್ ಸ್ಟೇಷನ್ನಿನ ಪಾಡೂ ಅದೇ.

ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ತನ್ನ ಅಧ್ಯಯನ ವರದಿಯಲ್ಲಿ ಇದಕ್ಕೊಂದು ಮಾದರಿ ಕೊಟ್ಟಿದೆ. ಗಾಢನಿದ್ದೆಯಲ್ಲಿ ಬೇಸ್ ಸ್ಟೇಷನ್ 1 ಪಾಲು ಶಕ್ತಿ ಬಳಸಿದರೆ, ಲಘುನಿದ್ದೆಯಲ್ಲಿ 25, ಬರೀ ತೂಕಡಿಕೆಯಲ್ಲಿ 55, ಪೂರ್ತಿ ಪ್ರಸಾರದಲ್ಲಿ 280. ತೂಕಡಿಸುತ್ತಲೇ ಪೂರ್ತಿ ದುಡಿಮೆಯ ಐದನೇ ಒಂದು ಪಾಲು ಕರಗಿತು. ಗಾಢನಿದ್ದೆಗೆ ಜಾರಿ ಮತ್ತೆ ಏಳಲು 50 ಮಿಲಿಸೆಕೆಂಡು ಬೇಕು. ಇನ್ನೊಂದು ಬಗೆಯ ಉಪಕರಣಕ್ಕೆ 10 ಸೆಕೆಂಡು. 20 ಮಿಲಿಸೆಕೆಂಡಿಗೊಮ್ಮೆ ಸೀಟಿ ಊದಬೇಕಾದವನಿಗೆ ಆ ನಿದ್ದೆ ಎಲ್ಲಿಂದ ಬರಬೇಕು?

ಈ ಕಾರಣಕ್ಕೇ 3ಜಿಪಿಪಿಯ ರಿಲೀಸ್ 19ರಲ್ಲಿ ‘ಬೇಕಾದಾಗ ಮಾತ್ರ ಸಿಂಕ್ ಸಿಗ್ನಲ್’ ಎಂಬ ಏರ್ಪಾಡು ಬಂದಿದೆ. ಬಿಟ್ ಲೆಕ್ಕವೊಂದೇ ಸಾಲದೆಂದು ಉದ್ಯಮ ತಾನಾಗಿ ಒಪ್ಪಿಕೊಂಡಂತೆ ನಾನಿದನ್ನು ಓದುತ್ತೇನೆ.

ಹಾಗೆಂದು, ಇನ್ನು ನಾವು ಕರೆ ಮಾಡುವವರೆಗೆ ಟವರ್ ಮಲಗಿರುತ್ತದೆ ಎಂದು ಹಿಗ್ಗುವುದೂ ತಪ್ಪೇ. ಈ ಸವಲತ್ತು ಸಿಕ್ಕಿರುವುದು ಹೆಚ್ಚುವರಿ ಸೆಲ್‌ಗಳಿಗೆ ಮಾತ್ರ. ಅಂದರೆ, ಒಂದು ಮುಖ್ಯ ಸೆಲ್ಲಿನ ಜೊತೆ ಆಗಲೇ ಮಾತುಕತೆಯಲ್ಲಿರುವ ಫೋನಿಗೆ ಇನ್ನಷ್ಟು ವೇಗ ಬೇಕಾದಾಗ ಜೋಡಿಸುವ ಎರಡನೆಯ, ಮೂರನೆಯ ಬ್ಯಾಂಡುಗಳಿಗೆ. ಮುಖ್ಯ ಸೆಲ್ ಊದುತ್ತಲೇ ಇರಬೇಕು. ಈಗಷ್ಟೇ ಕಣ್ಣುಬಿಟ್ಟ ಫೋನು ಇನ್ಯಾರನ್ನು ಕೇಳೀತು? ‘ಬೇಕು’ ಎಂದು ತೀರ್ಮಾನಿಸುವುದೂ ಹೆಚ್ಚಾಗಿ ನೆಟ್‌ವರ್ಕೇ ಹೊರತು ನಮ್ಮ ಫೋನಲ್ಲ. ಜೊತೆಗೆ, ಈ ಹೊಸ ಭಾಷೆ ತಿಳಿದ ಫೋನುಗಳು ಜನರ ಕೈಗೆ ಬರಬೇಕು. ಅಲ್ಲಿಯವರೆಗೆ ಹಳೆಯ ಫೋನುಗಳಿಗಾಗಿ ಹಳೆಯ ಸೀಟಿ ತಪ್ಪಿದ್ದಲ್ಲ.

ರಾತ್ರಿ ಹೆಚ್ಚುವರಿ ಬ್ಯಾಂಡನ್ನೇ ಪೂರ್ತಿ ಆರಿಸುವ ಪದ್ಧತಿ ಆಗಲೇ ಇದೆಯಲ್ಲ, ಹೊಸದರ ಗೊಡವೆ ಏಕೆ ಎನ್ನುವವರಿದ್ದಾರೆ. ಆರಿಸುವುದು ಸುಲಭ; ಎಬ್ಬಿಸುವುದರಲ್ಲಿದೆ ತೊಡಕು. ಎದ್ದ ಸೆಲ್ಲಿನ ಸಿಗ್ನಲ್ಲಿಗೆ ಫೋನು ಹೊಂದಿಕೊಳ್ಳುವಷ್ಟರಲ್ಲಿ ಹಲವು ಸುತ್ತು ಕಾಯಬೇಕಾದೀತು. ಆ ಅಂಜಿಕೆಯಿಂದಲೇ ಕಂಪನಿಗಳು ಯಾರಿಗೂ ಬೇಕಾಗದೆಂಬ ಗ್ಯಾರಂಟಿ ಇರುವ ನಡುರಾತ್ರಿಯಲ್ಲಿ ಮಾತ್ರ ಆರಿಸುತ್ತವೆ. ಹೊಸ ವಿಧಾನದಲ್ಲಿ ಸೆಲ್ ಎದ್ದೊಡನೆ ಒತ್ತೊತ್ತಾಗಿ ಸಿಗ್ನಲ್ ಕೊಟ್ಟು ಫೋನನ್ನು ಬೇಗ ಹಿಡಿದುಕೊಳ್ಳಬಲ್ಲದು. ಬೇಗ ಏಳಬಲ್ಲವನು ಧೈರ್ಯವಾಗಿ ಮಲಗುತ್ತಾನೆ, ಹಗಲಿನ ಬಿಡುವಿನಲ್ಲೂ. ಈ ತಂತ್ರದ ನಿಜವಾದ ಲಾಭ ಇಲ್ಲಿದೆ ಎಂಬುದು ನನ್ನ ಎಣಿಕೆ.

ನಮ್ಮಲ್ಲಿ ಟವರ್ ವಿದ್ಯುತ್ತಿನ ಚರ್ಚೆ ಬಹುಕಾಲ ಡೀಸೆಲ್ ಜನರೇಟರಿನ ಸುತ್ತಲೇ ಗಿರಕಿ ಹೊಡೆಯಿತು. 2015ರ ಹೊತ್ತಿಗೆ ಹಳ್ಳಿಗಳ ಶೇ. 50 ಹಾಗೂ ನಗರಗಳ ಶೇ. 20 ಟವರ್‌ಗಳು ಹೈಬ್ರಿಡ್ ವಿದ್ಯುತ್ತಿನಲ್ಲಿ ನಡೆಯಬೇಕೆಂದು ದೂರಸಂಪರ್ಕ ಇಲಾಖೆ 2012ರಲ್ಲಿ ಸೂಚಿಸಿತು. ಕರೆಂಟು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಸರಿಯೇ. ಯಾರೂ ಇಲ್ಲದ ಹೊತ್ತಿನಲ್ಲಿ ಅದು ಏಕೆ ಬೇಕು ಎಂಬ ಪ್ರಶ್ನೆಯೂ ಅದರ ಪಕ್ಕದಲ್ಲಿ ಇರಬೇಕಿತ್ತು. ಬಿಟ್ ಒಂದಕ್ಕೆ ಇಷ್ಟು ಶಕ್ತಿ ಎಂದು ಜಾಹೀರಾತು ಕೊಡುವ ಕಂಪನಿಗಳು, ಬಿಟ್ಟೇ ಇಲ್ಲದ ರಾತ್ರಿ ಮೂರರ ಮೀಟರ್ ಓದನ್ನೂ ಅದರ ಕೆಳಗೇ ಅಚ್ಚು ಹಾಕಲಿ.