ಗಂಜೀಫಾ ಎಲೆಗಳೂ ನೆತ್ತಿಯ ಮೇಲಿನ ಆಕಾಶವೂ

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಿವೆ. ಅವುಗಳಲ್ಲಿ ಗ್ರಹನಿಧಿ ಗ್ರಹಾದಿಗಳ ಮೂರ್ತಿಲಕ್ಷಣವನ್ನು ಹೇಳಿದರೆ, ಕೌತುಕನಿಧಿ ಆಟಗಳನ್ನು ಹೇಳುತ್ತದೆ. ಈ ಎರಡೂ ಒಂದಾದದ್ದು ಅರಸರು ಕಲ್ಪಿಸಿದ ಗಂಜೀಫಾ ಎಲೆಗಳಲ್ಲಿ. ಕೆಲವು ಕಟ್ಟುಗಳಲ್ಲಿ 360 ಎಲೆಗಳವರೆಗೂ ಇದ್ದುವು. (ರಾಶಿಚಕ್ರದ ಅಂಶಗಳೂ 360, ಆದರೆ ಅದರಿಂದ ಏನನ್ನೋ ಸಾಧಿಸಹೊರಡುವುದು ಪಂಡಿತರ ಚಪಲವಾದೀತು.) ದಶಾವತಾರದ ಕಟ್ಟಿನಂತೆಯೇ ನವಗ್ರಹಗಳದೂ ಒಂದಿತ್ತು.

ಇವನ್ನು ಕಂಡು, ನಮ್ಮ ಹಿರಿಯರು ಆಟವಾಡಿಸುತ್ತಲೇ ಮಕ್ಕಳಿಗೆ ಖಗೋಳವನ್ನು ಕಲಿಸುತ್ತಿದ್ದರೆಂದು ಹೆಮ್ಮೆಪಡುವವರುಂಟು. ಕುಸುರಿಯ ಮಟ್ಟಿಗೆ ಹೆಮ್ಮೆ ಸಲ್ಲುವುದೇ. ಕಲಿಕೆಯ ಮಾತಿಗೆ ಮಾತ್ರ ನಾನು ಒಪ್ಪಲಾರೆ. ಎಲೆಯ ಮೇಲಿರುವುದು ಗ್ರಹವಲ್ಲ, ಗ್ರಹದ ಅಧಿದೇವತೆ. ಅಲ್ಲಿ ಶುಕ್ರನಿಗೂ ರಾಹುವಿಗೂ ಸಮಾನ ಪೀಠ. ಶುಕ್ರನನ್ನು ಯಾವ ಮಗುವಾದರೂ ಸಂಜೆಯ ಪಡುವಣದಲ್ಲಿ ಕಂಡೀತು. ರಾಹುಕೇತುಗಳಾದರೋ ಚಂದ್ರನ ಹಾದಿ ಸೂರ್ಯನ ಹಾದಿಯನ್ನು ಕತ್ತರಿಸುವ ಎರಡು ಬಿಂದುಗಳಷ್ಟೆ. ಗ್ರಹಣದ ಗುಟ್ಟೆಲ್ಲ ಇರುವ ಈ ಭೇದವನ್ನು ಎಲೆ ಹೇಳುವುದಿಲ್ಲ. ಹೇಳಬೇಕೆಂಬ ಉದ್ದೇಶವೂ ಅದಕ್ಕಿರಲಿಲ್ಲವೆನ್ನಿ. ಅದು ಅರಮನೆಯ ವಿನೋದ.

ಅದೇ ಮುಮ್ಮಡಿಯವರ ಕಾಲದಲ್ಲಿ, 1824–25ರ ಸುಮಾರಿಗೆ, ಲಂಡನ್ನಿನಲ್ಲಿ ‘ಯುರೇನಿಯಾಸ್ ಮಿರರ್’ ಎಂಬ ಪೆಟ್ಟಿಗೆ ಮಾರಾಟಕ್ಕೆ ಬಂದಿತು. ಅದರಲ್ಲಿ 32 ಎಲೆಗಳು, ಸಿಡ್ನಿ ಹಾಲ್ ಕೊರೆದ ನಕ್ಷತ್ರಪುಂಜಗಳ ಚಿತ್ರಗಳು. ಚಿತ್ರಗಳೇನೂ ಹೊಸತಲ್ಲ, 1822ರ ಜೇಮಿಸನ್ ಭೂಪಟದಿಂದ, ಕ್ಷಮಿಸಿ, ಖಪಟದಿಂದ ಎತ್ತಿಕೊಂಡವು. ಹೊಸತು ಇದ್ದದ್ದು ರಂಧ್ರಗಳಲ್ಲಿ. ನಕ್ಷತ್ರವಿರುವೆಡೆಯಲ್ಲೆಲ್ಲ, ಅದರ ಕಾಂತಿಗೆ ತಕ್ಕಂತೆ ಹಿರಿದಾಗಿ ಕಿರಿದಾಗಿ ತೂತು. ದೀಪಕ್ಕೆ ಹಿಡಿದರೆ ಸಿಂಹ, ವ್ಯಾಧರ ಚಿತ್ರ ಮಸುಕಾಗಿ ಚುಕ್ಕಿಗಳು ಮಾತ್ರ ಬೆಳಗುವುವು. ಅನಂತರ ಮಗು ಹೊರಗೆ ಹೋಗಿ ಆ ಚುಕ್ಕಿಗಳನ್ನು ಹುಡುಕಬೇಕು. ಅದರಲ್ಲಿ ಆಟವೆಂಬುದೇ ಇಲ್ಲವೆಂಬುದು ದೊಡ್ಡ ಕೊರತೆಯೇ. ನಮ್ಮ ಗಂಜೀಫಾದ ಸೋಲುಗೆಲವಿನ ಕಾವು ಅದಕ್ಕೆಲ್ಲಿಂದ ಬರಬೇಕು!

ತರೀಕೆರೆಯ ಸೀಮೆಯ ರೈತನ ಮಗುವಿಗೆ ನಕ್ಷತ್ರಗಳ ಹೆಸರು ಕಲಿಯಲು ಯಾವ ಎಲೆಯೂ ಬೇಡ. ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆಗಳ ಹೆಸರಾಗಿಯೇ ಅವು ನಾಲಗೆಯ ಮೇಲಿವೆ. ಆದರೆ ಇಲ್ಲೊಂದು ಸೋಜಿಗವಿದೆ. ಆರಿದ್ರ ಮಳೆಯೆಂದರೆ ಸೂರ್ಯನು ಆ ನಕ್ಷತ್ರದ ಭಾಗದಲ್ಲಿರುವ ಕಾಲ, ಜೂನ್ ತಿಂಗಳ ಕೊನೆ. ಆಗ ಆರ್ದ್ರೆ ಸೂರ್ಯನ ಬೆಳಕಿನಲ್ಲೇ ಮುಳುಗಿರುತ್ತದೆ, ಮೋಡವಿಲ್ಲದಿದ್ದರೂ ಕಾಣದು. ಹೀಗೆ ಹೆಸರನ್ನು ಊರೆಲ್ಲ ಆಡುವ ಹದಿನಾಲ್ಕು ದಿನ ಆ ಚುಕ್ಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಾಣುವ ಚಳಿಗಾಲದಲ್ಲಿ ಹೆಸರನ್ನು ಯಾರೂ ನೆನೆಯುವುದಿಲ್ಲ. ತರಗತಿಯಲ್ಲಿ ನಾನು ಕೇಳಿದಾಗಲೆಲ್ಲ ಮಳೆಯನ್ನು ಎಲ್ಲರೂ ಬಲ್ಲರು. ಚುಕ್ಕಿಯನ್ನು ತೋರಿಸಿದವರು ಒಬ್ಬಿಬ್ಬರು.

ನಮಗೆ ಬೇಕಾದ ಕಟ್ಟನ್ನು ಇನ್ನೂ ಯಾರಾದರೂ ಬರೆಯಬೇಕಾಗಿದೆ. 27 ಎಲೆಗಳು, ಒಂದು ಮಗ್ಗುಲಲ್ಲಿ ಮಳೆ, ಬಿತ್ತನೆ, ಇನ್ನೊಂದರಲ್ಲಿ ಸೂಜಿಯ ತೂತುಗಳು, ನೋಡಬೇಕಾದ ತಿಂಗಳು. ಲಂಡನ್ನಿನ ಪ್ರತಿ ನಮಗೆ ಒಗ್ಗದು. ಅಲ್ಲಿ ಎಂದೂ ಮೂಡದ ಅಗಸ್ತ್ಯ, ಫೆಬ್ರವರಿಯ ಆರಂಭದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ದಕ್ಷಿಣದಲ್ಲಿ ಬೆಳಗುತ್ತಿರುತ್ತದೆ; ಅದೇ ಹೊತ್ತಿಗೆ ನೆತ್ತಿಯ ಬಳಿ ಕೆಂಪಗೆ, ಮಳೆಯ ಸುಳಿವೇ ಇಲ್ಲದೆ, ಆರಿದ್ರ.